ಎಡತೋಳಿನ ಕಡ್ಡಿ

ಮೇಜಿನ ಮೇಲೆ ಒಂದು ತೋಳು ಮಲಗಿದೆ. ರಬ್ಬರಿನದು. ಭುಜದಿಂದ ಶುರುವಾಗಿ ಮೊಣಕೈ ದಾಟಿ ನಾಲ್ಕು ಬೆರಳು ಮುಂದಕ್ಕೆ ಬಂದು ನಿಂತುಬಿಟ್ಟಿದೆ. ಬಣ್ಣ, ನಮ್ಮ ಸೀಮೆಯ ಯಾರ ಮೈಗೂ ಹೊಂದದ ತಿಳಿಗುಲಾಬಿ. ಒಳಮಗ್ಗುಲಲ್ಲಿ ಚುಚ್ಚಿ ಚುಚ್ಚಿ ತೂತುಬಿದ್ದ ಜಾಗಕ್ಕೆ ಯಾರೋ ಅಂಟುಪಟ್ಟಿ ಹಚ್ಚಿದ್ದಾರೆ. ಬೆಂಗಳೂರಿನ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯ ಕುಟುಂಬ ಕಲ್ಯಾಣ ವಿಭಾಗದ ಕೋಣೆಯಿದು. ತರಬೇತಿಗೆ ಬಂದ ಯುವ ವೈದ್ಯೆ ಆ ತೋಳಿನ ಮೇಲೆ ಪೆನ್ನಿನಿಂದ ಚುಕ್ಕಿ ಇಡುತ್ತಿದ್ದಾರೆ. ಮೊಣಕೈಯ ಒಳಬದಿಯ ಎಲುಬಿನ ಗಂಟಿನಿಂದ 8ರಿಂದ 10 ಸೆಂಟಿಮೀಟರ್ ಮೇಲಕ್ಕೆ. ತೋಳಿನ ಎರಡು ಸ್ನಾಯುಗಳ ನಡುವೆ ಸಿಗುವ ತಗ್ಗಿನಿಂದ 3ರಿಂದ 5 ಸೆಂಟಿಮೀಟರ್ ಹಿಂದಕ್ಕೆ. ಪಕ್ಕದಲ್ಲಿ ನಿಂತ ಹಿರಿಯ ವೈದ್ಯೆ, "ತಗ್ಗಿನ ಮೇಲೆ ಬೇಡ, ಅದರ ಕೆಳಗೇ ನರ ಇದೆ, ರಕ್ತನಾಳ ಇದೆ. ಹಿಂದಕ್ಕೆ ಹೋಗು, ಇನ್ನೂ ಸ್ವಲ್ಪ" ಎನ್ನುತ್ತಾರೆ. ಸೂಜಿ ಒಳಗೆ ಹೋಗುವಾಗ ಯುವ ವೈದ್ಯೆ ರಬ್ಬರ್ ತೋಳಿಗೆ "ಸಾರಿ" ಅಂದರು. ಯಾರೂ ನಗಲಿಲ್ಲ.

ಅವರ ಕೈಯಲ್ಲಿದ್ದ ಬಿಳಿ ಪ್ಲಾಸ್ಟಿಕ್ ಸಾಧನದ ಬೆನ್ನ ಮೇಲೆ ನೇರಳೆ ಬಣ್ಣದ ಜಾರುಗುಂಡಿ ಇದೆ. ಮುಂದೆ ಸೂಜಿ. ಸೂಜಿಯ ಟೊಳ್ಳಿನಲ್ಲಿ ಬೆಂಕಿಕಡ್ಡಿಯಷ್ಟೇ ಇರುವ ಒಂದು ಬಿಳಿ ಸರಳು: ಉದ್ದ 4 ಸೆಂಟಿಮೀಟರ್, ದಪ್ಪ 2 ಮಿಲಿಮೀಟರ್. ಬಗ್ಗಿಸಿದರೆ ಬಗ್ಗುತ್ತದೆ, ಬಿಟ್ಟರೆ ನೇರವಾಗುತ್ತದೆ. ಅದರೊಳಗೆ ಎಟೊನೊಜೆಸ್ಟ್ರೆಲ್ ಎಂಬ ಹಾರ್ಮೋನು 68 ಮಿಲಿಗ್ರಾಂ ಅಡಗಿದೆ. ಇಂಪ್ಲನಾನ್ ಎನ್‌ಎಕ್ಸ್‌ಟಿ ಎಂಬ ಹೆಸರಿನಲ್ಲಿ ಬರುವ ಈ ಸಾಧನಕ್ಕೆ ವೈದ್ಯರು ಸಬ್‌ಡರ್ಮಲ್ ಇಂಪ್ಲಾಂಟ್ ಎನ್ನುತ್ತಾರೆ. ಹೊರಗೆ ಬೆಂಚಿನ ಮೇಲೆ ಕುಳಿತವರಿಗೆ ಅದು ಕಡ್ಡಿ. "ಕಡ್ಡಿ ಹಾಕೋದು ಇಲ್ಲೇನಾ?" ಎಂದು ಬಾಗಿಲಲ್ಲಿ ತಲೆ ಇಣುಕಿ ಕೇಳುತ್ತಾರೆ, ಉತ್ತರ ಬರುವ ಮುಂಚೆ ಮಗುವಿಗೆ ಗದರುತ್ತಾರೆ, ಮತ್ತೆ ಹೋಗಿ ಕೂರುತ್ತಾರೆ.

ಬೆಂಚಿನ ಮೇಲಿನ ಸಾಲು ನೋಡುವಂಥದ್ದು. ಗೋಡೆಗೆ ಒರಗಿ ಕೂತವಳು ಬಾಣಂತಿ, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಬಿಗಿದಿದ್ದಾಳೆ. ಮಡಿಲಲ್ಲಿ ಮಗು, ಮಗುವಿನ ಕೆನ್ನೆಯಲ್ಲಿ ದೃಷ್ಟಿಬೊಟ್ಟು, ಚೀಲದಲ್ಲಿ ತಾಯಿ ಕಾರ್ಡು. ಪಕ್ಕದಲ್ಲಿ ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಕುಟುಂಬದವಳು, ಅವಳ ಹಿಮ್ಮಡಿಯ ಬಿರುಕಿನಲ್ಲಿ ಸಿಮೆಂಟು ಇನ್ನೂ ಬೆಳ್ಳಗೆ ಕೂತಿದೆ. ಆಚೆ ಗಾರ್ಮೆಂಟ್ಸಿನ ಹುಡುಗಿ, ಕೊರಳಲ್ಲಿ ಫ್ಯಾಕ್ಟರಿಯ ಗುರುತಿನ ಚೀಟಿ. ಅರ್ಧ ದಿನದ ರಜೆ ಹಾಕಿ ಬಂದಿದ್ದಾಳೆ, ಗಡಿಯಾರ ನೋಡುತ್ತಿದ್ದಾಳೆ. ಕೊನೆಯಲ್ಲಿ ಕೋಲಾರದ ಕಡೆಯ ಸೊಸೆ. ಅತ್ತೆ ಕೆಳಗೆ ಔಷಧಿ ಕೊಡುವ ಕಿಟಕಿಯ ಮುಂದೆ ಸಾಲಿನಲ್ಲಿದ್ದಾರೆ. ಸಾಲು ಮುಗಿಯುವುದರೊಳಗೆ ಸೊಸೆಗೆ ಇಲ್ಲಿನ ಮಾತು ಮುಗಿಯಬೇಕು.

ಒಳಗೆ ಆಪ್ತ ಸಮಾಲೋಚಕಿ ಕೂತಿದ್ದಾರೆ. ಫಲಕದಲ್ಲಿ ಹಾಗೆಂದು ಬರೆದಿದೆ. ಎಲ್ಲರ ಬಾಯಲ್ಲೂ ಅವರು ಅಕ್ಕ. ಮುಂದೆ ಸ್ಟೀಲಿನ ತಟ್ಟೆ. ಅದರಲ್ಲಿ ನಿರೋಧ್, ದಿನಕ್ಕೊಂದು ನುಂಗುವ ಮಾಲಾ-ಎನ್, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದರಂತೆ ನುಂಗುವ ಛಾಯಾ, ಮೂರು ತಿಂಗಳಿಗೊಮ್ಮೆ ಚುಚ್ಚುವ ಅಂತರಾ, ಗರ್ಭಕೋಶದೊಳಗೆ ಇಡುವ ಹತ್ತು ವರ್ಷದ ವಂಕಿ. ಜೊತೆಗೆ ಈಗ ಕಡ್ಡಿ. ಅಕ್ಕ ಒಂದೊಂದನ್ನೂ ಎತ್ತಿ ಹೆಂಗಸಿನ ಅಂಗೈಯಲ್ಲಿ ಇಡುತ್ತಾರೆ. ಬಾಯಲ್ಲಿ ಹೇಳಿದ್ದು ಅರ್ಧ ಮರೆಯುತ್ತದೆ, ಮುಟ್ಟಿ ನೋಡಿದ್ದು ನೆನಪಿರುತ್ತದೆ ಎಂಬುದು ಅವರ ಲೆಕ್ಕ. ತಾಮ್ರದ ತಂತಿ ಸುತ್ತಿದ ವಂಕಿಯನ್ನು ಕಂಡು ಬಾಣಂತಿ ಕೈ ಹಿಂದಕ್ಕೆಳೆದುಕೊಂಡಳು. ಕಡ್ಡಿಯನ್ನು ಮಾತ್ರ ಎಲ್ಲರೂ ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ ನೋಡುತ್ತಾರೆ.

"ಇದು ಮೈಯೊಳಗ ಓಡಾಡ್ತದಂತಲ್ರೀ ಅಕ್ಕಾ, ಎದಿಗಿ ಹೋಗಿ ಕುಂದರ್ತದಂತ," ಎಂದಳು ರಾಯಚೂರಿನವಳು.

"ಯಾರು ಹೇಳಿದ್ದು?"

"ಮಗ್ಗಲ ಶೆಡ್ಡಿನಾಕಿ."

ಅಕ್ಕ ನಗಲಿಲ್ಲ, ಬೈಯಲೂ ಇಲ್ಲ. ಚರ್ಮದ ಅಡಿಯಲ್ಲೇ ಇಟ್ಟರೆ ಕಡ್ಡಿ ಇಟ್ಟಲ್ಲೇ ಇರುತ್ತದೆ. ಆಳಕ್ಕೆ ಇಳಿಸಿದರೆ ತೊಂದರೆ, ಅದಕ್ಕೇ ಡಾಕ್ಟರು ಮೊದಲು ರಬ್ಬರ್ ತೋಳಿನ ಮೇಲೆ ಕಲಿಯುವುದು ಎಂದರು. ಕಡ್ಡಿಯಲ್ಲಿ ಬೇರಿಯಂ ಬೆರೆಸಿರುವುದರಿಂದ ಬೆರಳಿಗೆ ಸಿಗದೆ ಹೋದರೂ ಎಕ್ಸ್-ರೇಯಲ್ಲಿ ಕಾಣುತ್ತದೆ ಎಂಬುದನ್ನೂ ಸೇರಿಸಿದರು. ಪಕ್ಕದ ಶೆಡ್ಡಿನಾಕೆ ಹೇಳಿದ್ದರಲ್ಲಿ ಒಂದು ಎಳೆ ನಿಜವಿದೆ, ರಕ್ತನಾಳದೊಳಕ್ಕೆ ಸೇರಿ ದೂರ ಸಾಗಿದ ಪ್ರಕರಣಗಳು ಜಗತ್ತಿನಲ್ಲಿ ವರದಿಯಾಗಿವೆ, ಬಲು ಅಪರೂಪ. ಹೆದರಿಕೆಯನ್ನು ಸುಳ್ಳೆಂದು ತಳ್ಳಿಹಾಕದೆ ಅದರ ಅಳತೆ ಹೇಳುವ ಈ ರೀತಿ ನನಗೆ ಹಿಡಿಸಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಎಲ್ಲ ಮೇಜಿನಲ್ಲೂ ಸಿಗುವ ಗುಣವಲ್ಲ.

ಆಮೇಲೆ ಪ್ರಶ್ನೆಗಳ ಸರದಿ ಅಕ್ಕನದು. ಟಿಬಿ ಮಾತ್ರೆ ನುಂಗುತ್ತಿದ್ದೀಯಾ? ಫಿಟ್ಸ್ ಬರುತ್ತಾ, ಅದಕ್ಕೆ ಮಾತ್ರೆ ಇದೆಯಾ? ಟಿಬಿಯ ರಿಫಾಂಪಿಸಿನ್, ಫಿಟ್ಸಿನ ಕೆಲವು ಮಾತ್ರೆಗಳು ಯಕೃತ್ತನ್ನು ಚುರುಕುಗೊಳಿಸಿ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತವೆ. ಕಡ್ಡಿ ತೋಳಿನಲ್ಲಿದ್ದೂ ಇಲ್ಲದಂತೆ. ಎದೆಯಲ್ಲಿ ಗಂಟು, ಕ್ಯಾನ್ಸರ್ ಏನಾದರೂ ಆಗಿತ್ತಾ? ಕಾರಣ ತಿಳಿಯದ ರಕ್ತಸ್ರಾವ ಇದೆಯಾ? ಕಾಮಾಲೆ ಜೋರಾಗಿ ಆಗಿ ಲಿವರ್ ಕೆಟ್ಟಿದೆಯಾ? ಇವಕ್ಕೆಲ್ಲ ಇಲ್ಲವೆಂದು ತಲೆಯಾಡಿಸಿದ ಮೇಲೆ ಇನ್ನೊಂದು, "ಕಸ ಯಾವ ಕೈಲಿ ಗುಡಿಸ್ತೀಯ?" ಹೆಚ್ಚು ದುಡಿಯದ ತೋಳಿಗೆ ಕಡ್ಡಿ ಹಾಕಬೇಕು, ಅದಕ್ಕೆ ಈ ವಿಚಾರಣೆ. ಊಟ ಯಾವ ಕೈಯಲ್ಲಿ ಎಂದು ಕೇಳಿದರೆ ನಮ್ಮಲ್ಲಿ ಪ್ರಯೋಜನವಿಲ್ಲ. ಎಡಚರನ್ನೂ ಏಟು ಕೊಟ್ಟು ಬಲಗೈಯಲ್ಲಿ ಉಣ್ಣಿಸಿ ಬೆಳೆಸಿರುತ್ತಾರೆ. ಪೊರಕೆ, ಕುಡುಗೋಲು ಹಿಡಿದ ಕೈ ಸುಳ್ಳು ಹೇಳುವುದಿಲ್ಲ.

ಕೋಲಾರದ ಸೊಸೆಗೆ ಇವು ಯಾವುದೂ ಮುಖ್ಯವಲ್ಲ. ಅವಳು ಕೇಳಿದ್ದು ಎರಡೇ: "ಗಾಯ ರವಿಕೆ ತೋಳಿನೊಳಗೆ ಮುಚ್ಚುತ್ತಾ? ನಮ್ಮತ್ತೆ ತೋಳು ಹಿಡ್ಕೊಂಡ್ರೆ ಗೊತ್ತಾಗುತ್ತಾ?" ಅಕ್ಕ ಅವಳ ರವಿಕೆಯ ತೋಳನ್ನು ಅಳೆದವರಂತೆ ನೋಡಿದರು. ಉದ್ದತೋಳಿನ ರವಿಕೆಯಾದರೆ ಮುಚ್ಚುತ್ತದೆ, ಗಿಡ್ಡ ತೋಳಿನದಾದರೆ ಅಂಚಿನಲ್ಲಿ ಇಣುಕಬಹುದು. ಒಂದು ವಾರ ಬಿಗಿ ತೋಳಿನದು ಬೇಡ, ನೈಟಿ ಸಾಕು. ಕಡ್ಡಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಟ್ಟು ಹುಡುಕಿದರೆ ಸಿಗುತ್ತದೆ. ಅತ್ತೆ ಹುಡುಕುತ್ತಾರಾ? ಸೊಸೆ ಸ್ವಲ್ಪ ಯೋಚಿಸಿ, ಹುಡುಕೋದಿಲ್ಲ ಎಂದಳು. ಅವಳಿಗೆ ಒಂದು ಹೆಣ್ಣುಮಗು. ಮನೆಯಲ್ಲಿ ಗಂಡು ಬೇಕೆಂಬ ಒತ್ತಾಯ ಈಗಾಗಲೇ ಶುರುವಾಗಿದೆ. ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ ಎಂಬ ಹಳೆಯ ಮಾತಿಗೆ ನಾಡಿನಲ್ಲಿ ಇನ್ನೂ ಜೀವವಿದೆ. ಮೊದಲನೆಯದಕ್ಕೆ ಮೂರು ವರ್ಷವಾದರೂ ತುಂಬಲಿ ಎಂಬುದು ಇವಳ ಹಟ. ಮಾತ್ರೆಯ ಪಟ್ಟಿ ತಲೆದಿಂಬಿನ ಕೆಳಗೆ ಸಿಕ್ಕಿಬೀಳುತ್ತದೆ. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೊರಟರೆ ಏಕೆಂದು ಕೇಳುತ್ತಾರೆ. ತೋಳಿನ ಕಡ್ಡಿಗೆ ನೆಪ ಹೇಳಬೇಕಾಗಿಲ್ಲ.

ಅಂದು ಮೊದಲು ಒಳಗೆ ಹೋದವಳು ಗಾರ್ಮೆಂಟ್ಸಿನ ಹುಡುಗಿ. ಹಾಸಿಗೆಯ ಮೇಲೆ ಅಂಗಾತ ಮಲಗಿ ಎಡಗೈ ಮಡಿಸಿ ಅಂಗೈಯನ್ನು ತಲೆಯ ಅಡಿ ಇಟ್ಟುಕೊಂಡಳು. ಮಧ್ಯಾಹ್ನ ಊಟವಾದ ಮೇಲೆ ಹೆಂಗಸರು ಒರಗುವ ಭಂಗಿಯೇ. ಹಿರಿಯ ವೈದ್ಯೆ ಅಳತೆಪಟ್ಟಿ ಇಟ್ಟು ಎರಡು ಚುಕ್ಕಿ ಹಾಕಿದರು, ಒಂದು ಸೂಜಿ ಇಳಿಯುವ ಜಾಗ, ಇನ್ನೊಂದು ದಾರಿ ತೋರಲು. ಕಂದು ಬಣ್ಣದ ಔಷಧಿ ಅದ್ದಿದ ಹತ್ತಿ ವೃತ್ತ ವೃತ್ತವಾಗಿ ಸುತ್ತಿತು. ಜಾಗ ಮರಗಟ್ಟಲು ಲಿಗ್ನೊಕೇನ್ ಇಂಜೆಕ್ಷನ್. ಹುಡುಗಿ ಹುಬ್ಬು ಗಂಟಿಕ್ಕಿದ್ದು ಆಗ ಒಮ್ಮೆ ಮಾತ್ರ. ಆಮೇಲೆ ವೈದ್ಯೆ ಬೆರಳಿನಿಂದ ಚರ್ಮ ಹಿಂದಕ್ಕೆಳೆದು ಹಿಡಿದು ಸೂಜಿಯ ತುದಿ ಊರಿದರು, ತಕ್ಷಣ ಸಾಧನವನ್ನು ತೋಳಿಗೆ ಸಮನಾಗಿ ಬಗ್ಗಿಸಿ, ಚರ್ಮವನ್ನು ಸೂಜಿಯಿಂದಲೇ ಮೇಲಕ್ಕೆತ್ತುತ್ತ ಒಳಕ್ಕೆ ಸರಿಸಿದರು. ಸೂಜಿ ಸಾಗಿದಷ್ಟೂ ದೂರ ಚರ್ಮದ ಮೇಲೆ ಒಂದು ಏಣು ಎದ್ದಿತು. ಅದು ಎದ್ದರೆ ಸರಿ, ಏಳದಿದ್ದರೆ ಆಳಕ್ಕೆ ಹೋಗಿದೆಯೆಂದು ಅರ್ಥ. ನೇರಳೆ ಗುಂಡಿ ಹಿಂದಕ್ಕೆ ಜಾರಿತು. ಸೂಜಿ ಸಾಧನದೊಳಕ್ಕೆ ಸರಿಯಿತು, ಕಡ್ಡಿ ಉಳಿಯಿತು. ಇಷ್ಟಕ್ಕೆ ಹಿಡಿದದ್ದು ಕೆಲವೇ ನಿಮಿಷ. ರಕ್ತ ಬಂದದ್ದು ಒಂದು ತೊಟ್ಟು.

"ಈಗ ನೀನೇ ಮುಟ್ಟಿ ನೋಡು," ಎಂದರು ವೈದ್ಯೆ. ಹುಡುಗಿ ಬಲಗೈಯ ತೋರುಬೆರಳಿನಿಂದ ಒಂದು ತುದಿ ಹುಡುಕಿದಳು, ಆಮೇಲೆ ಇನ್ನೊಂದು. ಎರಡೂ ತುದಿ ಬೆರಳಿಗೆ ಸಿಗಲೇಬೇಕು. ಸಿಗುವವರೆಗೆ ಹಾಸಿಗೆಯಿಂದ ಇಳಿಸುವುದಿಲ್ಲ. "ಇದ್ಯಲ್ಲ!" ಎಂದಳು, ಕಳೆದ ಸಾಮಾನು ಸಿಕ್ಕ ದನಿಯಲ್ಲಿ. ಬಿಗಿಪಟ್ಟಿ ಒಂದು ದಿನ ಇರಬೇಕು, ಒಳಗಿನ ಸಣ್ಣ ಅಂಟುಪಟ್ಟಿ 3ರಿಂದ 5 ದಿನ. ತೋಳಿನಲ್ಲಿ ಸ್ವಲ್ಪ ನೀಲಿ, ಸ್ವಲ್ಪ ನೋವು ಬರುತ್ತದೆ, ಹೋಗುತ್ತದೆ. ಹೊಲಿಗೆ ಯಂತ್ರಕ್ಕೆ ನಾಳೆಯೇ ಕೂರಬಹುದಾ ಎಂದು ಕೇಳಿದಳು. ಕೂರಬಹುದು, ಎಡಗೈಯಲ್ಲಿ ಬಟ್ಟೆಯ ಕಟ್ಟು ಎತ್ತುವುದು ಮಾತ್ರ ಎರಡು ದಿನ ಬೇಡ. ಅವಳು ಮುಟ್ಟಾದ ಮೂರನೆಯ ದಿನಕ್ಕೆ ಬಂದಿದ್ದರಿಂದ ಕಡ್ಡಿಯ ಕೆಲಸ ಅಂದಿನಿಂದಲೇ ಶುರು. ಐದು ದಿನ ಕಳೆದು ಬಂದವರಿಗೆ ಮೊದಲ ಏಳು ದಿನ ನಿರೋಧ್ ಕೊಟ್ಟು ಕಳಿಸುತ್ತಾರೆ.

ಒಳಗೆ ನಡೆಯುವುದು ಸದ್ದಿಲ್ಲದ ಕೆಲಸ. ಕಡ್ಡಿಯ ಪ್ಲಾಸ್ಟಿಕ್ ಮೈಯಿಂದ ಹಾರ್ಮೋನು ಮೊದಲ ವಾರಗಳಲ್ಲಿ ದಿನಕ್ಕೆ 60ರಿಂದ 70 ಮೈಕ್ರೋಗ್ರಾಂ ಸೋರುತ್ತದೆ. ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ಅದು 25–30ಕ್ಕೆ ಇಳಿದಿರುತ್ತದೆ. ಅಷ್ಟು ಸಾಕು, ಅಂಡಾಶಯ ಅಂಡ ಬಿಡುವುದಿಲ್ಲ. ಜೊತೆಗೆ ಗರ್ಭಕೊರಳಿನ ಲೋಳೆ ಗಟ್ಟಿಯಾಗಿ ವೀರ್ಯಾಣುವಿಗೆ ದಾರಿ ಸಿಗದು. ಒಂದು ವರ್ಷದಲ್ಲಿ ಸಾವಿರ ಮಂದಿ ಬಳಸಿದರೆ ಬಸಿರಾಗುವವರು ಹೆಚ್ಚೆಂದರೆ ಒಬ್ಬರು. ಮಾತ್ರೆಯನ್ನು ನಮ್ಮ ನಿಮ್ಮಂತೆ ಮರೆತು ನೆನೆದು ನುಂಗುವವರಲ್ಲಿ ಆ ಲೆಕ್ಕ ನೂರಕ್ಕೆ 7. ನಿರೋಧ್‌ನಲ್ಲಿ ನೂರಕ್ಕೆ 13. ಹೆಣ್ಣಿನ ಆಪರೇಷನ್ನೇ ಸಾವಿರಕ್ಕೆ 5ರಷ್ಟು ತಪ್ಪುತ್ತದೆ. ಅಂದರೆ ತೆಗೆದುಹಾಕಬಹುದಾದ ಈ ಕಡ್ಡಿ, ತೆಗೆಯಲಾಗದ ಆಪರೇಷನ್ನಿಗಿಂತ ಭದ್ರ. ಇದನ್ನು ಕೇಳಿ ಬಾಣಂತಿಯ ಜೊತೆ ಬಂದಿದ್ದ ಅವಳ ತಾಯಿ ನಂಬಲಿಲ್ಲ. ಹೊಟ್ಟೆ ಕೊಯ್ದದ್ದಕ್ಕಿಂತ ತೋಳಿಗೆ ಚುಚ್ಚಿದ್ದು ಗಟ್ಟಿಯೇ? ಹಾಲು ಬತ್ತುತ್ತದೆ ಎಂಬುದು ಅವರ ಇನ್ನೊಂದು ಅನುಮಾನ. ಇದರಲ್ಲಿ ಈಸ್ಟ್ರೋಜನ್ ಇಲ್ಲ, ಹಾಲು ಕುಡಿಸುವವರಿಗೂ ಹಾಕಬಹುದು. ಲೈಂಗಿಕ ಸೋಂಕು, ಎಚ್‌ಐವಿ ತಡೆಯುವ ಶಕ್ತಿ ಮಾತ್ರ ಕಡ್ಡಿಗಿಲ್ಲ. ಅದಕ್ಕೆ ನಿರೋಧೇ ಬೇಕು.

ಇಷ್ಟು ಹೇಳಿ ಮುಗಿಸುವ ಕರಪತ್ರಗಳಿವೆ. ಅಸಲು ಮಾತು ಮುಟ್ಟಿನದು. ಅಕ್ಕ ಅತಿ ಹೆಚ್ಚು ಹೊತ್ತು ಕೊಟ್ಟದ್ದು ಅದಕ್ಕೇ. ಕಡ್ಡಿ ಹಾಕಿಸಿಕೊಂಡವರಲ್ಲಿ ಹೆಚ್ಚೂಕಡಿಮೆ ಐವರಲ್ಲಿ ಒಬ್ಬರಿಗೆ ತಿಂಗಳುಗಟ್ಟಲೆ ಮುಟ್ಟು ಕಾಣಿಸುವುದೇ ಇಲ್ಲ. ಮೂವರಲ್ಲಿ ಒಬ್ಬರಿಗೆ ಅಪರೂಪಕ್ಕೊಮ್ಮೆ. ಆದರೆ ಐವರಲ್ಲಿ ಇನ್ನೊಬ್ಬಳಿಗೆ ಸ್ರಾವ ದಿನಗಟ್ಟಲೆ ಹರಿದುಬರುತ್ತದೆ, ಹೊಳೆಯಂತಲ್ಲ, ಬಟ್ಟೆಗೆ ಕಲೆ ಹತ್ತುವಷ್ಟು. ಯಾರಿಗೆ ಯಾವ ಪಾಲು ಬರುತ್ತದೆಂದು ಮುಂಚೆ ಹೇಳುವ ಡಾಕ್ಟರು ಲೋಕದಲ್ಲಿ ಯಾರೂ ಇಲ್ಲ.

"ಹಂಗಂದ್ರ ತಿಂಗಳಾ ತಿಂಗಳಾ ಆಗಂಗಿಲ್ಲೇನ್ರಿ? ಕೆಟ್ಟ ರಕ್ತ ಒಳಗ ಕುಂದರ್ತದಲ್ರೀ?"

ಕೂರುವುದಿಲ್ಲ, ಏಕೆಂದರೆ ಅದು ತಯಾರಾಗುವುದೇ ಇಲ್ಲ. ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆದರೆ ತಾನೆ ಕಳಚಿ ಬೀಳುವುದು. ರಾಜ್ಯದ ಹೆಂಗಸರಲ್ಲಿ ಹೆಚ್ಚೂಕಡಿಮೆ ಅರ್ಧ ಮಂದಿಗೆ ರಕ್ತಹೀನತೆ ಇರುವಾಗ, ಮುಟ್ಟು ನಿಂತವಳಿಗೆ ಅದೊಂದು ಉಳಿತಾಯವೇ ಸರಿ. ಆದರೆ ತಿಂಗಳು ನಿಂತರೆ ಬಸಿರು ಎಂದೇ ಓದುವ ಕಣ್ಣುಗಳ ನಡುವೆ ಅವಳು ಬದುಕಬೇಕು. ಅತ್ತೆಗೆ ಆಸೆ, ಗಂಡನಿಗೆ ಗುಮಾನಿ, ಅವಳಿಗೇ ಒಂದು ಅಳುಕು. ಪರೀಕ್ಷೆಯ ಪಟ್ಟಿ ತಂದು ಬೆಳಗ್ಗೆ ಬಚ್ಚಲಲ್ಲಿ ನೋಡಿಕೊಳ್ಳುವ ತನಕ ಸಮಾಧಾನವಿಲ್ಲ.

ಕಲೆ ಹತ್ತುವವಳ ಕಷ್ಟ ಬೇರೆ. ಮುಟ್ಟನ್ನು ಮೈಯ ಸಂಗತಿಯೆಂದು ಬಿಡದೆ ಮನೆಯ ಭೂಪಟದ ಸಂಗತಿಯಾಗಿ ಮಾಡಿಕೊಂಡ ಕುಟುಂಬಗಳು ನಮ್ಮಲ್ಲಿ ಇನ್ನೂ ಸಾಕಷ್ಟಿವೆ. ಅಡುಗೆಮನೆ ಹೊಸ್ತಿಲು, ದೇವರ ಮನೆ, ತುಳಸಿಕಟ್ಟೆ, ಉಪ್ಪಿನಕಾಯಿ ಜಾಡಿ: ಎಲ್ಲದಕ್ಕೂ ಗಡಿ. ತಿಂಗಳಿಗೆ ಮೂರು ದಿನವಾದರೆ ಮನೆ ಹೇಗೋ ಹೊಂದಿಕೊಳ್ಳುತ್ತದೆ. ಎಂಟು ದಿನ ಕಲೆ, ನಾಲ್ಕು ದಿನ ಬಿಡುವು, ಮತ್ತೆ ಆರು ದಿನ ಎಂದಾದರೆ ಅವಳ ಲೆಕ್ಕ ಯಾರಿಡುವುದು? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಕಲಶಕ್ಕೆ ಸೀರೆ ನೆರಿಗೆ ಹಿಡಿಯುತ್ತಿದ್ದವಳು ಎದ್ದು ಹೊರಗೆ ಕೂರಬೇಕಾದರೆ, ಕಡ್ಡಿಯ ವೈಜ್ಞಾನಿಕ ಸಾಧನೆಯನ್ನು ಅವಳ ಮುಂದೆ ಹೊಗಳಿ ಫಲವಿಲ್ಲ. ಕಡ್ಡಿಯನ್ನು ಅವಧಿಗೆ ಮುಂಚೆ ತೆಗೆಸುವವರು ಕೊಡುವ ಕಾರಣಗಳಲ್ಲಿ ಜಗತ್ತಿನಾದ್ಯಂತ ಮೊದಲನೆಯದು ಈ ಅಡ್ಡಾದಿಡ್ಡಿ ಸ್ರಾವವೇ. ಐದು ದಿನ ನೋವಿನ ಮಾತ್ರೆ ಕೊಟ್ಟರೆ ಕೆಲವರಿಗೆ ತಹಬಂದಿಗೆ ಬರುತ್ತದೆ, ಕೆಲವರಿಗೆ ಇಲ್ಲ. ಮೊದಲೇ ತಿಳಿದು ಹಾಕಿಸಿಕೊಂಡವಳು ತಡೆದುಕೊಳ್ಳುತ್ತಾಳೆ. ತಿಳಿಸದೆ ಹಾಕಿಸಿದರೆ ಅವಳು ಬರೀ ಕಡ್ಡಿ ತೆಗೆಸುವುದಿಲ್ಲ, ಬೀದಿಯ ಹತ್ತು ಮನೆಗೆ ಸುದ್ದಿಯನ್ನೂ ಹಂಚುತ್ತಾಳೆ. ಹಂಚುವುದು ನ್ಯಾಯವೇ.

ನಮಗೆ ಇದು ಗೊತ್ತಿರಬೇಕಿತ್ತು. 1965ರಲ್ಲಿ ಲೂಪ್ ಎಂಬ ಪ್ಲಾಸ್ಟಿಕ್ ವಂಕಿಯನ್ನು ದೇಶಕ್ಕೆಲ್ಲ ತಂದಾಗ ಶಿಬಿರಗಳ ಮೇಲೆ ಶಿಬಿರ ನಡೆದವು. ಹೆಂಗಸರಿಗೆ ರಕ್ತ ಹೋಯಿತು, ನೋವಾಯಿತು, ಹಾಕಿದವರು ಮುಂದಿನ ಊರಿಗೆ ಹೋಗಿದ್ದರು. ಎರಡು ಮೂರು ವರ್ಷದೊಳಗೆ ಲೂಪ್ ಹೆಸರು ಹೇಳಿದರೆ ಹಳ್ಳಿಗಳಲ್ಲಿ ಬಾಗಿಲು ಹಾಕುವಂತಾಯಿತು. ವಿಚಿತ್ರವೆಂದರೆ ಇಂಥ ಕೆಲಸಕ್ಕೆ ಸರ್ಕಾರಿ ಬಾಗಿಲು ಮೊದಲು ತೆರೆದ ಕೀರ್ತಿ ನಮ್ಮದೇ. ಮೈಸೂರು ಸಂಸ್ಥಾನ 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಒಪ್ಪಿಗೆ ಕೊಟ್ಟಿತ್ತು. ಬೇಕೆಂದು ಬಂದವರಿಗೆ ತೆರೆದ ಬಾಗಿಲು ಅದು. ಮುಂದೆ ತುರ್ತುಪರಿಸ್ಥಿತಿಯಲ್ಲಿ ಬಲವಂತದ ಆಪರೇಷನ್ನಿಗಾಗಿ ಸರ್ಕಾರವೇ ಬಾಗಿಲು ದಾಟಿ ಜನರ ಮನೆಯೊಳಗೆ ಬಂತು. ಗಂಡಸರ ಆಪರೇಷನ್ ಆ ಹೆದರಿಕೆಯಿಂದ ಇಂದಿಗೂ ಚೇತರಿಸಿಕೊಂಡಿಲ್ಲ. ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಶಿಬಿರದಲ್ಲಿ ಒಬ್ಬನೇ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದ, ಹನ್ನೆರಡಕ್ಕೂ ಹೆಚ್ಚು ತಾಯಂದಿರು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿ ಆಶ್ರಯಿಸಿದ್ದು ಆಪರೇಷನ್ನನ್ನೇ. ಎರಡು ಹೆರಿಗೆ, ಒಂದು ಆಪರೇಷನ್, ಇಪ್ಪತ್ತೈದರ ಆಸುಪಾಸಿಗೆ ಕತೆ ಮುಗಿಯಿತು. ನಡುವೆ ಅಂತರವಿಡುವ ದಾರಿಗಳು ತಟ್ಟೆಯಲ್ಲಿದ್ದವು, ಬಳಕೆಗೆ ಬರಲಿಲ್ಲ.

ಕಡ್ಡಿಯ ಹಿಂದೆಯೂ ಉದ್ದದ ಕತೆಯಿದೆ. ಅಮೆರಿಕದ ಷೆಲ್ಡನ್ ಸೀಗಲ್, ಚಿಲಿಯ ಹೊರಾಸಿಯೊ ಕ್ರೊಸಾಟ್ಟೊ ಎಂಬಿಬ್ಬರು 1960ರ ದಶಕದಲ್ಲಿ ಮೆತ್ತನೆಯ ಸಿಲಿಕೋನ್ ಕೊಳವೆಯಿಂದ ಹಾರ್ಮೋನು ನಿಧಾನವಾಗಿ ಸೋರುವುದನ್ನು ಕಂಡು ಈ ಹಾದಿ ಹಿಡಿದರು. ಅದರಿಂದ ಹುಟ್ಟಿದ ನಾರ್‌ಪ್ಲಾಂಟ್‌ನಲ್ಲಿ ಕಡ್ಡಿ ಒಂದಲ್ಲ, ಆರು. ತೋಳಿನೊಳಗೆ ಬೀಸಣಿಗೆಯಾಕಾರದಲ್ಲಿ ಹರಡಿ ಐದು ವರ್ಷ ಇರುತ್ತಿದ್ದವು. 1983ರಲ್ಲಿ ಫಿನ್‌ಲೆಂಡ್ ಮೊದಲು ಒಪ್ಪಿತು, 1990ರ ಡಿಸೆಂಬರ್‌ನಲ್ಲಿ ಅಮೆರಿಕ. ಒಪ್ಪಿಗೆ ಬಂದ ಎರಡೇ ದಿನಕ್ಕೆ ಫಿಲಡೆಲ್ಫಿಯಾದ ಪತ್ರಿಕೆಯೊಂದು, ಬಡ ಕಪ್ಪು ಹೆಂಗಸರಿಗೆ ಇದನ್ನು ಹಾಕಿಸಲು ಪ್ರೋತ್ಸಾಹಿಸಬಾರದೇಕೆ ಎಂಬರ್ಥದ ಸಂಪಾದಕೀಯ ಬರೆದು, ಬೈಸಿಕೊಂಡು, ಕ್ಷಮೆ ಕೇಳಿತು. ಮರುವರ್ಷ ಕ್ಯಾಲಿಫೋರ್ನಿಯಾದ ನ್ಯಾಯಾಧೀಶರೊಬ್ಬರು ಬಿಡುಗಡೆಯ ಷರತ್ತಾಗಿ ನಾರ್‌ಪ್ಲಾಂಟ್ ಹಾಕಿಸಿಕೊಳ್ಳುವಂತೆ ಒಬ್ಬ ತಾಯಿಗೆ ಆದೇಶಿಸಿದರು. ಯಾರ ಮೇಲೂ ಬಲವಂತವಾಗಿ ಇದನ್ನು ಬಳಸುವುದಕ್ಕೆ ತನ್ನ ವಿರೋಧವಿದೆಯೆಂದು ಸೀಗಲ್ ಪತ್ರಿಕೆಗೆ ಬರೆಯಬೇಕಾಯಿತು. ಆರು ಕಡ್ಡಿ ಹಾಕಲು ಕಲಿತ ಎಷ್ಟೋ ಡಾಕ್ಟರಿಗೆ ತೆಗೆಯಲು ಬರುತ್ತಿರಲಿಲ್ಲ. ಸುತ್ತ ಮಾಂಸ ಬೆಳೆದು ಅಂಟಿಕೊಂಡದ್ದನ್ನು ಬಗೆದು ತೆಗೆಯಲು ಹೋಗಿ ತೋಳಿನಲ್ಲಿ ಕಲೆಗಳುಳಿದವು. ಸಾವಿರಾರು ಮಂದಿ ನ್ಯಾಯಾಲಯಕ್ಕೆ ಹೋದರು, 2002ರಲ್ಲಿ ಅದು ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು.

ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯೂ ನಾರ್‌ಪ್ಲಾಂಟ್ ಪ್ರಯೋಗಗಳನ್ನು ನಡೆಸಿತ್ತು. ಅದು ಸರ್ಕಾರಿ ಯೋಜನೆಯೊಳಕ್ಕೆ ಬಾರದಂತೆ ಗಲಾಟೆ ಎಬ್ಬಿಸಿದವರು ಮಹಿಳಾ ಸಂಘಟನೆಗಳವರು. 1986ರಲ್ಲಿ ನೆಟ್-ಎನ್ ಎಂಬ ಚುಚ್ಚುಮದ್ದಿನ ಪ್ರಯೋಗದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನಾ, ದೆಹಲಿಯ ಸಹೇಲಿಯಂಥವು. ಹೆಂಗಸು ತನ್ನಷ್ಟಕ್ಕೆ ತಾನು ನಿಲ್ಲಿಸಲಾಗದ, ಡಾಕ್ಟರ ಕೈಯನ್ನೇ ಕಾಯಬೇಕಾದ ಸಾಧನ ಗುರಿ ಮುಟ್ಟುವ ಆತುರದ ಇಲಾಖೆಯ ಕೈಗೆ ಬಂದರೆ ಏನಾದೀತು ಎಂಬುದು ಅವರ ಪ್ರಶ್ನೆ. ಬಾಂಗ್ಲಾ, ನೇಪಾಳ, ಶ್ರೀಲಂಕಾಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಕಡ್ಡಿ ಹಳೆಯದಾಗಿದ್ದರೂ ನಮ್ಮಲ್ಲಿ 2023ರವರೆಗೆ ಬಾರದಿದ್ದುದಕ್ಕೆ ಆ ಪ್ರಶ್ನೆಯೂ ಒಂದು ಕಾರಣ. ಆ ವರ್ಷ ಕೇಂದ್ರ ಆರೋಗ್ಯ ಸಚಿವಾಲಯ ಆಯ್ದ ರಾಜ್ಯಗಳ ಕೆಲವೇ ಜಿಲ್ಲೆಗಳಲ್ಲಿ ಮೊದಲ ಹಂತ ಶುರುಮಾಡಿತು. ಕರ್ನಾಟಕದ ಪಾಲಿಗೆ ಬಂದವು ಬೆಂಗಳೂರು ಮತ್ತು ಬೀದರ್. ಆರರ ಬದಲು ಒಂದೇ ಕಡ್ಡಿ, ಮೂರು ವರ್ಷ, ಹಾಕುವುದೂ ತೆಗೆಯುವುದೂ ಸುಲಭ. ಸಾಧನ ಸುಧಾರಿಸಿದೆ, ಒಪ್ಪುತ್ತೇನೆ. ಸಂಘಟನೆಗಳ ಪ್ರಶ್ನೆ ಮಾತ್ರ ಸಾಧನದ ಬಗ್ಗೆ ಇರಲಿಲ್ಲ, ಇಲಾಖೆಯ ಬಗ್ಗೆ ಇತ್ತು.

ಅದಕ್ಕೇ ಆ ಕೋಣೆಯಲ್ಲಿ ನಾನು ಕಾದದ್ದು ತೆಗೆಸಲು ಬರುವವರಿಗೆ. ಮಧ್ಯಾಹ್ನ ಒಬ್ಬಾಕೆ ಬಂದಳು, ಮಾಗಡಿ ಕಡೆಯವಳು, ಮುಖದಲ್ಲಿ ಜಗಳಕ್ಕೆ ತಯಾರಾಗಿ ಬಂದ ಬಿಗುವು. ಕಡ್ಡಿ ಹಾಕಿಸಿದ್ದು ಬೇರೆ ಕಡೆ. ಕಲೆ ನಿಲ್ಲುತ್ತಿಲ್ಲ. ಅಲ್ಲಿಗೆ ಹೋದಾಗಲೆಲ್ಲ "ಇನ್ನೊಂದು ತಿಂಗಳು ನೋಡಮ್ಮ, ಸರಿಹೋಗುತ್ತೆ, ಇಷ್ಟು ಬೆಲೆಯ ವಸ್ತು ಸುಮ್ಮನೆ ಹಾಳು" ಎಂದು ವಾಪಸು ಕಳಿಸಿದ್ದರಂತೆ. ಅಕ್ಕ ಮಾತ್ರೆಯ ಸಂಗತಿ ಒಮ್ಮೆ ಹೇಳಿದರು. ಆಕೆ ಬೇಡವೆಂದಳು. ಎರಡನೆಯ ಸಲ ಹೇಳಲಿಲ್ಲ, ಒಳಗೆ ಕಳಿಸಿದರು. ಆಕೆಯ ಭುಜ ಇಳಿದದ್ದು ಆಗ.

ತೆಗೆಯುವುದನ್ನು ನೋಡಬೇಕು. ವೈದ್ಯೆ ಕಡ್ಡಿಯ ಭುಜದ ಕಡೆಯ ತುದಿಯನ್ನು ಒತ್ತಿ ಹಿಡಿದರು. ಮೊಣಕೈ ಕಡೆಯ ತುದಿ ಚರ್ಮದಡಿ ಉಬ್ಬಿತು. ಆ ಉಬ್ಬಿನ ಕೆಳಗೆ, ಕಡ್ಡಿಯ ಅಡಿಯಲ್ಲಿ, ಮರಗಟ್ಟಿಸುವ ಇಂಜೆಕ್ಷನ್. ಮೇಲೆ ಕೊಟ್ಟರೆ ಊತ ಬಂದು ತುದಿ ಮರೆಯಾಗುತ್ತದೆ. ಬ್ಲೇಡಿನಿಂದ 2 ಮಿಲಿಮೀಟರ್ ಗೀರು. ಬೆರಳಿನಿಂದ ತಳ್ಳುತ್ತ ಬಂದಂತೆ ಬಿಳಿಯ ಮೊನೆ ಕಾಣಿಸಿತು, ಅದರ ಮೇಲೆ ತೆಳು ಪೊರೆ. ಪೊರೆಯನ್ನು ಮೃದುವಾಗಿ ಸೀಳಿ ಸಣ್ಣ ಇಕ್ಕಳದಿಂದ ಹಿಡಿದು ಎಳೆದರು. ಬಂತು. ಗಾಜಿನ ಬಟ್ಟಲಲ್ಲಿ ಹಾಕಿ ಅಳೆದರು, 4 ಸೆಂಟಿಮೀಟರ್ ಪೂರ್ತಿ ಇದೆ, ಒಳಗೆ ತುಂಡು ಉಳಿದಿಲ್ಲ. ಮುಂದುವರಿಸಬೇಕೆನ್ನುವವರಿಗೆ ಅದೇ ಗೀರಿನಿಂದ ಹೊಸದನ್ನು ಹಾಕಬಹುದು. ಈಕೆಗೆ ಬೇಡ. ಹಾರ್ಮೋನು ಒಂದು ವಾರದಲ್ಲಿ ರಕ್ತದಿಂದ ಮಾಯವಾಗುತ್ತದೆ, ಕೆಲವೇ ವಾರಗಳಲ್ಲಿ ಬಸಿರಾಗಬಹುದು, ಬೇಡವಾದರೆ ಇವತ್ತಿನಿಂದಲೇ ಬೇರೇನಾದರೂ ಬೇಕು ಎಂದು ಅಕ್ಕ ನಿರೋಧ್ ಪೊಟ್ಟಣ ಮುಂದಿಟ್ಟರು. "ಇದನ್ನ ಅವರು ಹಾಕ್ಕೊಳಲ್ಲ ಅಂತಾನೇ ತೋಳಿಗೆ ಚುಚ್ಚಿಸ್ಕೊಂಡಿದ್ದು," ಎಂದಳು. ಅವರು ಹೊರಗೆ ಬೈಕಿನ ಮೇಲೆ ಕೂತು ಫೋನು ನೋಡುತ್ತಿದ್ದರು.

ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಗಂಡಸರ ಆಪರೇಷನ್ನಿನ ಮುಂದೆ ಇರುವ ಅಂಕಿ ಸೊನ್ನೆ. ಬ್ಲೇಡಿಲ್ಲದೆ ಮಾಡುವ, ಅರ್ಧ ಗಂಟೆಯೂ ಹಿಡಿಯದ, ಅದೇ ದಿನ ಮನೆಗೆ ನಡೆದುಹೋಗುವ ಆಪರೇಷನ್ ಅದು. ಅದರ ಬಗ್ಗೆ ಇನ್ನೊಮ್ಮೆ ಬರೆಯಬೇಕು, ಇಲ್ಲಿ ಜಾಗ ಸಾಲದು.

ಕಡ್ಡಿ ಹಾಕಿಸಿಕೊಳ್ಳಬೇಕೆಂದಿರುವವರು ಹೊರಡುವ ಮುಂಚೆ ನಾಲ್ಕು ಮಾತು ಕಿವಿಯಲ್ಲಿಟ್ಟುಕೊಳ್ಳಿ. ನುಂಗುತ್ತಿರುವ ಮಾತ್ರೆಗಳನ್ನು ಚೀಲದಲ್ಲಿ ಒಯ್ದು ತೋರಿಸಿ. ಹಾಕಿದ ಮೇಲೆ ಎರಡೂ ತುದಿ ನಿಮ್ಮ ಬೆರಳಿಗೆ ಸಿಗದೆ ಹಾಸಿಗೆ ಬಿಟ್ಟು ಏಳಬೇಡಿ. ಹಾಕಿದ ದಿನ, ತೆಗೆಸಬೇಕಾದ ದಿನ ಬರೆದ ಚೀಟಿಯನ್ನು ತಾಯಿ ಕಾರ್ಡಿನ ಜೊತೆ ಇಡಿ. ಮತ್ತು ತೋಳು ಚಾಚುವ ಮೊದಲೇ ಕೇಳಿ: ನನಗೆ ಬೇಡವೆನಿಸಿದ ದಿನ ಇದನ್ನು ತೆಗೆಯುವವರು ಇಲ್ಲಿ ಯಾರು, ಯಾವ ವಾರ ಸಿಗುತ್ತಾರೆ? ಅದಕ್ಕೆ ಕೋಣೆಯ ನಂಬರು, ವಾರದ ಹೆಸರು ಉತ್ತರವಾಗಿ ಬಂದರೆ ಹಾಕಿಸಿಕೊಳ್ಳಿ. "ಅದನ್ನ ಆಮೇಲೆ ನೋಡೋಣಮ್ಮ" ಎಂದರೆ ಬೇಡ; ತಟ್ಟೆಯಲ್ಲಿ ಬೇರೆ ಐದು ದಾರಿಗಳಿವೆ, ಅವೂ ಪುಕ್ಕಟೆ.